ಸೇರಿಸಿದ ಒಂದು ಇಂಚು

ನನ್ನ ಗಂಡನ ಮೈಯಳತೆಯನ್ನು ನಾನು ತಪ್ಪಾಗಿ ಬರೆದುಕೊಟ್ಟೆ. ಆ ತಪ್ಪಿನ ಮರೆಯಲ್ಲಿ ಮೂರು ತಿಂಗಳು ಹೋಯಿತು. ಆ ಮೂರು ತಿಂಗಳು ಕೈಯಲ್ಲಿದ್ದಿದ್ದರೆ ಅವರು ಉಳಿಯುತ್ತಿದ್ದರೋ ಇಲ್ಲವೋ, ಖಚಿತವಾಗಿ ಯಾರೂ ಹೇಳುವುದಿಲ್ಲ. ಕೇಳಿದರೆ ಎಲ್ಲರೂ ನನ್ನ ಭುಜದ ಮೇಲೆ ಕೈಯಿಟ್ಟು ಮಾತು ಬದಲಿಸುತ್ತಾರೆ. ಭುಜ ಸವರಿಸಿಕೊಂಡು ನನಗೆ ಸಾಕಾಗಿದೆ. ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ; ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಆಗ ನಾವು ಅಮೆರಿಕದ ಎಲಿಕಾಟ್ ಸಿಟಿಯಲ್ಲಿದ್ದೆವು. ಇದ್ದೊಬ್ಬ ಮಗಳು ಕಾಲೇಜಿಗೆಂದು ಅಟ್ಲಾಂಟಾಕ್ಕೆ ಹೋಗಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಡಿಶ್‌ವಾಷರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ಮಾತಾದರೂ ಇರುತ್ತಿತ್ತು. ಹಾಲು ಮುಗಿದಿದೆ, ಟ್ರ್ಯಾಶ್ ಹೊರಗಿಡಬೇಕು, ಕಾರಿನ ಟೈರ್ ತೋರಿಸಬೇಕು, ಇಷ್ಟರಲ್ಲಿ ನಮ್ಮ ದಿನ ಮುಗಿಯುತ್ತಿತ್ತು. ಇಪ್ಪತ್ತೆರಡು ವರ್ಷದ ದಾಂಪತ್ಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಚೀಟಿಯಷ್ಟಕ್ಕೆ ಬಂದು ನಿಂತಿತ್ತು. ನಾನು ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ ಜನ ತುಂಬಿ ಕಳಿಸಿದ ಅರ್ಜಿಗಳನ್ನು ಪರಿಶೀಲಿಸುತ್ತಿದ್ದೆ. ಒಂದು ಪುಟದ ಅಂಕಿ ಇನ್ನೊಂದು ಪುಟದ ಅಂಕಿಗೆ ಹೊಂದದಿದ್ದರೆ ಹಿಡಿಯಬೇಕು, ಅದು ಕೆಲಸ. ಅವರು ಔಷಧಿ ಕಂಪನಿಯೊಂದರಲ್ಲಿ ಕೆಮಿಸ್ಟ್.

ಅವರು ಉಡುಪಿ ಕಡೆಯವರು, ನಾನು ಮೈಸೂರಿನವಳು. ಇಷ್ಟು ವರ್ಷ ನನ್ನ ಜೊತೆಗಿದ್ದು ಅವರ ಮಾತೂ ಮೈಸೂರಿನದೇ ಆಗಿತ್ತು. ಸಮುದ್ರದ ಮೊರೆತ ಕೇಳುವಷ್ಟು ಹತ್ತಿರದ ಮನೆಯಲ್ಲಿ ಬೆಳೆದರೂ ಅವರು ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವರಲ್ಲ, ಅವರಮ್ಮ ಬಿಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನುಂಗಿಕೊಂಡ ಆ ಆಸೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ಭಾನುವಾರ ದೋಸೆ ತಿನ್ನುವಾಗ ಎದ್ದು ಕೂತಿತು.

"ಸ್ಕೂಬಾ ಕ್ಲಾಸಿಗೆ ಸೇರ್ಕೊಳ್ಳೋಣ ಅಂತಿದೀನಿ. ನೀನೂ ಬಾ" ಎಂದರು.

"ತಲೆ ಕೆಟ್ಟಿದೆಯೇನ್ರೀ ನಿಮಗೆ? ಈ ವಯಸ್ಸಲ್ಲಿ?"

"ಈ ವಯಸ್ಸಲ್ಲಲ್ದೆ ಇನ್ಯಾವಾಗ? ನೀನು ಸುಮ್ನೆ ಬಾ, ಇಷ್ಟ ಆಗ್ಲಿಲ್ಲ ಅಂದ್ರೆ ಬಿಟ್ಬಿಡು."

ಹೋದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಈಜುಕೊಳದಲ್ಲಿ ಎಂಟು ಅಡಿ ಇಳಿಯುವಷ್ಟರಲ್ಲಿ ನನ್ನ ಕಿವಿಯೊಳಗೆ ಸೂಜಿ ಆಡಿಸಿದ ಹಾಗಾಯಿತು. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು. ಅವರು ಮಾತ್ರ ಪಾಸಾಗಿ, ಫೋಟೋ ಇರುವ ಕಾರ್ಡೊಂದನ್ನು ಪರ್ಸಿನಲ್ಲಿಟ್ಟುಕೊಂಡು, ಗ್ರೋಸರಿ ಅಂಗಡಿಯ ಕ್ಯೂನಲ್ಲಿ ನಿಂತಾಗಲೂ ತೆಗೆದು ನೋಡಿಕೊಳ್ಳುತ್ತಿದ್ದರು.

ನಮ್ಮ ಮನೆಯಿಂದ ಎರಡು ಗಂಟೆ ಡ್ರೈವ್ ಮಾಡಿದರೆ ಪೆನ್ಸಿಲ್ವೇನಿಯಾದಲ್ಲಿ ಒಂದು ಹಳೆಯ ಕಲ್ಲುಗಣಿಯಿತ್ತು. ಕಲ್ಲು ತೆಗೆಯುವುದು ನಿಂತ ಮೇಲೆ ನೀರು ತುಂಬಿ ಕೆರೆಯಾದದ್ದು. ಡೈವಿಂಗ್ ಕಲಿತವರೆಲ್ಲ ಅಲ್ಲಿಗೆ ಬರುತ್ತಿದ್ದರು. ಮೇಲೆ ಬೇಸಿಗೆಯ ಬಿಸಿಲು, ಮೊದಲ ಇಪ್ಪತ್ತು ಅಡಿ ನೀರೂ ಬೆಚ್ಚಗೆ. ಅದರ ಕೆಳಗೆ ಇಳಿದರೆ ವರ್ಷದ ಯಾವ ದಿನವೂ ಫ್ರಿಜ್ಜಿನ ನೀರು. ಮೊದಲ ಸಲ ಅವರು ಬಾಡಿಗೆಯ ವೆಟ್‌ಸೂಟಿನಲ್ಲಿ ಇಳಿದರು. ಅದು ಸ್ಪಂಜಿನಂಥ ರಬ್ಬರಿನ ಉಡುಪು. ನೀರು ಒಳಗೆ ಬಂದೇ ಬರುತ್ತದೆ, ಮೈಯ ಶಾಖಕ್ಕೆ ಅಷ್ಟಿಷ್ಟು ಬಿಸಿಯಾಗುತ್ತದೆ. ಮೇಲೆ ಬಂದಾಗ ತುಟಿ ನೀಲಿ. ನಾನು ಥರ್ಮಾಸಿನಿಂದ ಬಗ್ಗಿಸಿದ ಕಾಫಿಯನ್ನು ಹಿಡಿಯಲಾರದೆ ಅರ್ಧ ಮರಳಿಗೆ ಚೆಲ್ಲಿದರು. ಆದರೆ ಮುಖದಲ್ಲಿ ಎಂಥ ಬೆಳಕಿತ್ತು ಅಂತೀರಿ! ಹಿಂತಿರುಗುವ ದಾರಿಯುದ್ದಕ್ಕೂ ಮಾತು. ಕೆಳಗೆ ಒಂದು ಹಳೆಯ ಸ್ಕೂಲ್ ಬಸ್ ಮುಳುಗಿಸಿದ್ದಾರೆ, ಡ್ರೈವರಿನ ಸೀಟಿನಲ್ಲಿ ಮೀನು ಕೂತಿತ್ತು, ತಮ್ಮ ಉಸಿರು ತಮಗೇ ಕೇಳುತ್ತಿತ್ತು ಎಂದೆಲ್ಲ. ಆ ಎರಡು ಗಂಟೆಯಲ್ಲಿ ಆಡಿದಷ್ಟು ಮಾತನ್ನು ಅವರು ಹಿಂದಿನ ಎರಡು ವರ್ಷದಲ್ಲಿ ಆಡಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಮಾತಿನ ಆಸೆಗೇ ನಾನು ಚಳಿ ತಡೆಯುವ ಡ್ರೈಸೂಟ್ ತೆಗೆದುಕೊಳ್ಳಿ ಎಂದು ಅವರ ಬೆನ್ನು ಹತ್ತಿದ್ದು.

ಮುಂದಿನ ಜನವರಿಯಲ್ಲಿ, ಅಂದರೆ 2005ರಲ್ಲಿ, ಇಬ್ಬರೂ ಡೈವಿಂಗ್ ಅಂಗಡಿಗೆ ಹೋದೆವು. ಅಂಗಡಿ ನಡೆಸುತ್ತಿದ್ದಾಕೆ ಅರವತ್ತರ ಹೆಂಗಸು, ಬಿಳಿ ಜಡೆ, ಬೆಸ್ತರ ಹಾಗೆ ಬಿಸಿಲಿಗೆ ಸುಟ್ಟ ಕೈ. ಇವರಿಗೆ ಡೈವಿಂಗ್ ಕಲಿಸಿದ್ದೂ ಆಕೆಯೇ, ನೀರಿನಲ್ಲಿ ಇವರ ಜೊತೆಗಾತಿಯೂ ಆಕೆಯೇ. ಆಕೆ ಆಡಿದ್ದೆಲ್ಲ ಇಂಗ್ಲಿಷ್. ನಾನು ನಮ್ಮ ಮಾತಿಗೆ ಇಳಿಸಿ ಬರೆಯುತ್ತಿದ್ದೇನೆ.

ಡ್ರೈಸೂಟಿನೊಳಗೆ ನೀರೇ ಬರುವಂತಿಲ್ಲ. ಕುತ್ತಿಗೆಗೂ ಎರಡು ಮಣಿಕಟ್ಟಿಗೂ ತೆಳು ರಬ್ಬರಿನ ಬಿಗಿಯಾದ ಪಟ್ಟಿ ಇರುತ್ತದೆ, ಅದಕ್ಕೆ ಸೀಲ್ ಅನ್ನುತ್ತಾರೆ. ಬೆನ್ನಿಗೆ ಭುಜದಿಂದ ಭುಜಕ್ಕೆ ದಪ್ಪ ಜಿಪ್. ಒಳಗೆ ಉಣ್ಣೆಯಂಥ ಬೆಚ್ಚಗಿನ ಉಡುಪು, ಅದರ ಸುತ್ತ ಗಾಳಿ. ಬೆನ್ನಿನ ಸಿಲಿಂಡರಿನಿಂದಲೇ ಎದೆಯ ಮೇಲಿನ ಗುಂಡಿ ಒತ್ತಿ ಸೂಟಿಗೆ ಗಾಳಿ ತುಂಬಿಕೊಳ್ಳಬೇಕು, ಹೆಚ್ಚಾದದ್ದನ್ನು ಎಡತೋಳಿನ ವಾಲ್ವಿನಿಂದ ಬಿಡಬೇಕು. ದಪ್ಪ ರಬ್ಬರಿನ ಸೂಟು ತಾನೇ ಬೆಚ್ಚಗಿಡುತ್ತದೆ, ಆದರೆ ಭಾರ, ಒಣಗುವುದೂ ನಿಧಾನ. ತೆಳು ಬಟ್ಟೆಯದು ರೇನ್‌ಕೋಟಿನ ಹಾಗೆ. ಚಳಿ ತಡೆಯುವುದೆಲ್ಲ ಒಳಗಿನ ಉಡುಪಿನ ಕೆಲಸ. ಇವರು ಮುಟ್ಟಿ, ಮಡಚಿ, ಮೂಸಿ ನೋಡಿ ತೆಳುವಿನದನ್ನೇ ಆರಿಸಿಕೊಂಡರು. ಕೆಮಿಸ್ಟ್ ಅಲ್ಲವೇ, ರಬ್ಬರಿನ ವಾಸನೆ ಕಂಡರಾಗದು.

ಆಮೇಲೆ ಕಾಲು. ಒಂದು ಬಗೆಯಲ್ಲಿ ಸೂಟಿಗೇ ಗಮ್‌ಬೂಟಿನಂಥ ಬೂಟು ಅಂಟಿರುತ್ತದೆ; ಹಾಕಿಕೊಳ್ಳುವುದು ಸುಲಭ. ಇನ್ನೊಂದರಲ್ಲಿ ಸೂಟಿನ ಕೊನೆಗೆ ಬರಿಯ ಕಾಲುಚೀಲ, ಅದರ ಮೇಲೆ ಲೇಸು ಕಟ್ಟುವ ಬೇರೆ ಬೂಟು. ಬಾಲ್ಯವೆಲ್ಲ ಬರಿಗಾಲಲ್ಲಿ ಓಡಾಡಿದ ನಮ್ಮವರ ಪಾದ ಮುಂದೆ ಅಗಲ, ಹಿಂದೆ ಸಣ್ಣ. ಅಂಟಿದ ಬೂಟಿನಲ್ಲಿ ಬೆರಳು ಒತ್ತುತ್ತಿತ್ತು, ಹಿಮ್ಮಡಿ ಕುಲುಕುತ್ತಿತ್ತು. ಅಂಗಡಿಯಾಕೆ ನೋಡಿ, ಲೇಸಿನದೇ ತೆಗೆದುಕೋ, ಹಿಮ್ಮಡಿ ಸಡಿಲವಿದ್ದರೆ ಗಾಳಿ ಅಲ್ಲಿ ಹೋಗಿ ಕೂರುತ್ತದೆ ಎಂದಳು. ತಲೆ ಕೆಳಗಾದಾಗ ಗಾಳಿಯೆಲ್ಲ ಕಾಲಿಗೆ ನುಗ್ಗಿದರೆ ಕಾಲು ಬಲೂನಾಗಿ ಮನುಷ್ಯನನ್ನು ತಲೆಕೆಳಗಾಗಿಯೇ ಮೇಲಕ್ಕೆ ಎಳೆದುಕೊಂಡು ಹೋಗುತ್ತದಂತೆ. "ಸಡಿಲವಾದ ಸೂಟಿಗಿಂತ ಸೂಟು ಇಲ್ಲದಿರುವುದು ವಾಸಿ" ಎಂದು ಆಕೆ ನನ್ನ ಮುಖವನ್ನೇ ನೋಡಿ ಹೇಳಿದಳು. ಇವರು ನೀರಿನಲ್ಲಿ ಹುಷಾರಾಗಿರುತ್ತಾರೋ ಇಲ್ಲವೋ, ನಾನು ದಡದಲ್ಲಿ ಹೆದರುವವಳು ಎಂದು ಆಕೆಗೆ ಗೊತ್ತಾಗಿತ್ತು.

ಅಂಗಡಿಯಲ್ಲಿದ್ದ ಸೂಟುಗಳೆಲ್ಲ ಅಮೆರಿಕದವರ ಉದ್ದಗಲದವು. ಒಂದರಲ್ಲಿ ಎದೆ ಸರಿಯಾದರೆ ತೋಳು ಮಂಡಿಗೆ ಬರುತ್ತಿತ್ತು. ಅಳತೆ ಕೊಟ್ಟೇ ಹೊಲಿಸಬೇಕೆಂದು ತೀರ್ಮಾನವಾಯಿತು. ಆಕೆ ಟೇಪು ತೆಗೆದಳು. ಅಲ್ಲೇ ನಾನು ಮೂಗು ತೂರಿಸಿದ್ದು.

ನನ್ನ ಅಮ್ಮ ಮೈಸೂರಿನಲ್ಲಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದವರು. ನಾನು ಹತ್ತು ವರ್ಷದವಳಿದ್ದಾಗಲೇ ಟೇಪು ಹಿಡಿದವಳು. ಎಲಿಕಾಟ್ ಸಿಟಿಗೆ ಬಂದ ಮೇಲೂ ಬೇಸ್‌ಮೆಂಟಿನಲ್ಲಿ ಮೆಶಿನ್ ಇಟ್ಟುಕೊಂಡು ಸುತ್ತಮುತ್ತಲಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದೆ. ನನ್ನ ಗಂಡನ ಮೈಯನ್ನು ಯಾರೋ ಅಳೆಯುವುದೇ? ನಾನೇ ಮನೆಯಲ್ಲಿ ತೆಗೆದುಕೊಡುತ್ತೇನೆ ಎಂದೆ. ಆಕೆ ಎರಡು ಪುಟದ ಫಾರಂ ಕೊಟ್ಟು, ಮೇಲಿನ ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಳು. ಮೈಗೆ ತಾಗಿಸಿ ಅಳೆಯಿರಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಏನನ್ನೂ ಸೇರಿಸಬೇಡಿ. ಬೇಕಾದ ಸಡಿಲವನ್ನು ಹೊಲಿಯುವವರೇ ಸೇರಿಸುತ್ತಾರೆ ಎಂದು ಅಲ್ಲಿ ಅಚ್ಚು ಹಾಕಿತ್ತು.

ಒಂದು ಶನಿವಾರ ಬೆಳಿಗ್ಗೆ ಫ್ಯಾಮಿಲಿ ರೂಮಿನಲ್ಲಿ ಅವರನ್ನು ಬನಿಯನ್ನಿನಲ್ಲಿ ನಿಲ್ಲಿಸಿ ಅಳತೆ ತೆಗೆದೆ. ಕುತ್ತಿಗೆ, ಎದೆ, ಸೊಂಟ, ತೊಡೆ, ಮೀನಖಂಡ, ನೆತ್ತಿಯಿಂದ ನೆಲಕ್ಕೆ, ಕುತ್ತಿಗೆಯ ಮೂಳೆಯಿಂದ ಮಣಿಕಟ್ಟಿಗೆ, ಇಪ್ಪತ್ತಕ್ಕೂ ಹೆಚ್ಚು. ಅವರು ಗುಬ್ಬಿ ಬೆದರಿಸುವ ಬೆರ್ಚಪ್ಪನ ಹಾಗೆ ಕೈ ಚಾಚಿ ನಿಂತು, "ಕಚಗುಳಿ ಇಡ್ತಿದೀಯ ಕಣೇ, ಬೇಗ ಮುಗಿಸು" ಎಂದು ಕುಣಿಯುತ್ತಿದ್ದರು. ಎಷ್ಟೋ ದಿನದ ಮೇಲೆ ನಾನು ಅವರ ಬೆನ್ನು ಮುಟ್ಟಿದ್ದು. ಆ ಬೆಳಿಗ್ಗೆ ನನಗೆ ಸಂತೋಷವಾಗಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಬರೆಯುವಾಗ ಮಾತ್ರ ಅಮ್ಮನ ಕೈ ನನ್ನ ಕೈಯೊಳಗೆ ಬಂತು. ಅಮ್ಮ ಯಾರ ಅಳತೆಯನ್ನೂ ಇದ್ದ ಹಾಗೆ ಬರೆದವರಲ್ಲ. "ಒಂದು ಇಂಚು ಇರ್ಲಿ, ಮೈ ಬಂದ್ರೆ ಬೇಕಾಗತ್ತೆ" ಎನ್ನುವರು. ಮದುವೆಯಾಗಿ ಹೋದವಳು ತುಂಬಿಕೊಂಡು ಬರುತ್ತಾಳೆ, ಬಾಣಂತಿ ಇನ್ನಷ್ಟು ತುಂಬಿಕೊಳ್ಳುತ್ತಾಳೆ, ಬಿಗಿ ರವಿಕೆ ಹೊಲಿದರೆ ವರ್ಷಕ್ಕೆ ಮೂಲೆಗೆ. ನಮ್ಮ ಹೆಂಗಸರ ರವಿಕೆಯ ಒಳಗೆ ಇವತ್ತಿಗೂ ನೋಡಿ, ಬಿಚ್ಚಿಕೊಳ್ಳಲು ಬಟ್ಟೆ ಬಿಟ್ಟೇ ಇರುತ್ತದೆ. ಮೈ ಎನ್ನುವುದು ಬರುವುದಕ್ಕೇ ಇರುವುದು ಎಂದು ನಾವು ನಂಬಿದವರು. ಇಳಿಯಲೂಬಹುದು ಎನ್ನುವುದು ನಮ್ಮ ಹೊಲಿಗೆಯಲ್ಲೇ ಇಲ್ಲ. ಫಾರಂ ಹೇಳಿದ್ದನ್ನು ಓದಿಯೂ ನಾನು ಸುತ್ತಳತೆಗಳಿಗೆಲ್ಲ ಒಂದೊಂದು ಇಂಚು ಸೇರಿಸಿದೆ. ಸೊಂಟ ಮೂವತ್ತಾರು ಇತ್ತು, ಮೂವತ್ತೇಳು ಎಂದು ಬರೆದೆ. ಕಚೇರಿಯ ಅಭ್ಯಾಸದಿಂದ ಒಂದು ಫೋಟೋಕಾಪಿಯನ್ನೂ ತೆಗೆದಿಟ್ಟುಕೊಂಡೆ.

ಸೂಟು ಮಾರ್ಚಿನಲ್ಲಿ ಬಂತು. ಕಪ್ಪು ಬಟ್ಟೆ, ತೋಳಿಗೆ ಕೆಂಪು ಪಟ್ಟಿ. ಅಂಗಡಿಯಲ್ಲಿ ಅವರು ಒಳಉಡುಪು ಹಾಕಿ ಅದರೊಳಗೆ ತೂರಿಕೊಂಡರು. ಆಕೆ ಕುತ್ತಿಗೆಯ ಸೀಲಿಗೆ ಪೌಡರ್ ಸವರಿ, ಅವರ ಕುತ್ತಿಗೆಗೇ ಇಟ್ಟು ನೋಡಿ, ರಬ್ಬರಿನ ಒಂದೊಂದೇ ಉಂಗುರವನ್ನು ಕತ್ತರಿಯಿಂದ ತೆಗೆಯುತ್ತಾ ಬಂದಳು. ಅದು ಉಸಿರು ಕಟ್ಟಬಾರದು, ನೀರೂ ಬರಬಾರದು. ಕುತ್ತಿಗೆ ಸರಿಯಾಗಿ ಕೂತಿತು. ಆಮೇಲೆ ಜಿಪ್ ಎಳೆದು, ಕೂತು ಏಳು ಎಂದಳು, ಎರಡೂ ಕೈಯಿಂದ ನಿನ್ನನ್ನೇ ತಬ್ಬಿಕೋ ಎಂದಳು. ಅವರು ಕೂತರೆ ಹೊಟ್ಟೆಯ ಮುಂದೆ ಬಟ್ಟೆ ಚೀಲದ ಹಾಗೆ ಜೋತುಬಿತ್ತು. ಆಕೆ ಸೊಂಟದ ಹತ್ತಿರ ಚಿವುಟಿ ಹಿಡಿದು, ಇರಬೇಕಾದ ಸಡಿಲ ಬಿಟ್ಟು ಇನ್ನೂ ಮೂರು ಇಂಚು ಹೆಚ್ಚಿದೆಯಲ್ಲ, ಹೇಗಾಯಿತು ಎಂದು ಹುಬ್ಬು ಗಂಟಿಕ್ಕಿದಳು.

ನನಗೆ ನಾಚಿಕೆಯಾಯಿತು. ಜೊತೆಗೆ ಅವರನ್ನು ನೋಡಿದರೆ ನಗು ತಡೆಯಲಾಗಲಿಲ್ಲ. ಅಪ್ಪನ ಪ್ಯಾಂಟು ಹಾಕಿಕೊಂಡ ಮಗುವಿನ ಹಾಗೆ ನಿಂತಿದ್ದರು. "ನಂದೇ ತಪ್ಪು, ನಾನೇ ಮೂರು ಇಂಚು ಸೇರಿಸಿಬಿಟ್ಟೆ, ನಮ್ಮ ಕಡೆ ಹಾಗೇ" ಎಂದು ಹೇಳಿ, ನಗುತ್ತಾ ನಗುತ್ತಾ ಅಂಗಡಿಯ ನೆಲದ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಅಮ್ಮನ ಕಥೆ, ಬಾಣಂತಿಯರ ರವಿಕೆಯ ಕಥೆ ಎಲ್ಲ ಹೇಳಿದೆ. ಅಂಗಡಿಯಾಕೆಯೂ ನಕ್ಕಳು. ಅವರೂ ನಕ್ಕರು, ಸ್ವಲ್ಪ ತಡವಾಗಿ. ಸೂಟನ್ನು ವಾಪಸು ಕಳಿಸಿ ಸಣ್ಣದು ಮಾಡಿಸಲು ಆರು ವಾರವಾಗುತ್ತದೆ ಎಂದಾಗ ಅವರು ಬೇಡವೆಂದರು. ಹಾಗಾದರೆ ಇನ್ನೂ ದಪ್ಪ ಒಳಉಡುಪು ಹಾಕು, ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕು, ಮೀನಖಂಡಕ್ಕೆ ಪಟ್ಟಿ ಕಟ್ಟಿಕೋ, ಗಾಳಿ ಕೆಳಗೆ ಇಳಿಯದಂತೆ ನೋಡಿಕೋ ಎಂದು ಆಕೆ ಉಪಾಯ ಹೇಳಿದಳು. ಹೀಗೆ ಅವರ ಮೈ ಇಳಿದ ಜಾಗವನ್ನೆಲ್ಲ ನಾವು ಉಣ್ಣೆಯಿಂದ ತುಂಬಿದೆವು.

ಮರುದಿನ ಏನೋ ಹುಡುಕುವಾಗ ಆ ಫೋಟೋಕಾಪಿ ಕೈಗೆ ಬಂತು. ಮೂವತ್ತೇಳು. ನಾನು ಸೇರಿಸಿದ್ದು ಒಂದೇ ಇಂಚು. ಅಂಗಡಿಯಲ್ಲಿ ಮೂರು ಎಂದದ್ದು ಬಾಯಿಗೆ ಬಂದ ಮಾತು. ಹಾಗಾದರೆ ಉಳಿದ ಎರಡು ಇಂಚು ಎಲ್ಲಿಂದ ಬಂತು? ಇಂಥದನ್ನು ಹಿಡಿಯುವುದಕ್ಕೇ ಕಚೇರಿಯಲ್ಲಿ ನನ್ನನ್ನು ಇಟ್ಟುಕೊಂಡಿದ್ದರು. ಹೊಲಿದವರೇ ಹೆಚ್ಚು ಬಿಟ್ಟಿರಬೇಕು ಅಂದುಕೊಂಡು ಕಾಗದವನ್ನು ಡ್ರಾಯರಿನಲ್ಲಿ ಹಾಕಿದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಮಗಳಿಗೆ ಸೂಟಿನ ಫೋಟೋ ಇಮೇಲ್ ಮಾಡಿದ್ದೆ. ಅವಳು ಫೋನ್ ಮಾಡಿದಳು. ಅವಳ ಕನ್ನಡ ಇಲ್ಲೇ ಹುಟ್ಟಿದ ಮಕ್ಕಳ ಕನ್ನಡ.

"ಅಮ್ಮ, ಅಪ್ಪ ಯಾಕೆ ಸೋ ಥಿನ್ ಇದಾರೆ? ಈಸ್ ಹಿ ಓಕೆ?"

"ಏನಿಲ್ಲ ಕಣೇ, ಸೂಟ್ ಲೂಸ್ ಅಷ್ಟೆ. ನಾನು ಮೆಷರ್ಮೆಂಟ್ ತಪ್ಪು ಕೊಟ್ಬಿಟ್ಟೆ."

"ಬಟ್ ಅಮ್ಮ, ಫೇಸ್ ಕೂಡ."

"ವಾರಕ್ಕೆ ಮೂರ್ ದಿನ ಸ್ವಿಮ್ ಮಾಡ್ತಾರಲ್ಲ, ಫಿಟ್ ಆಗಿದಾರೆ. ನೀನು ಸರಿಯಾಗಿ ಊಟ ಮಾಡ್ತಿದೀಯಾ ಹೇಳು ಮೊದ್ಲು."

ಯುಗಾದಿ ಕಾರ್ಯಕ್ರಮದಲ್ಲಂತೂ ಜನ ಅವರನ್ನು ಮುತ್ತಿಕೊಂಡರು. ಏನು ಡಯಟ್ ಮಾಡ್ತಿದೀರಿ, ಯಾವ ಜಿಮ್ಮು ಎಂದು ಗಂಡಸರು ಕೇಳಿದರು. "ಏನ್ರೀ, ನಿಮ್ಮ ಯಜಮಾನ್ರು ಕಾಲೇಜ್ ಹುಡುಗ ಆಗ್ಬಿಟ್ಟಿದಾರೆ, ಹುಷಾರಾಗಿ ನೋಡ್ಕೊಳ್ಳಿ" ಎಂದು ಒಬ್ಬ ಆಂಟಿ ನನ್ನ ಸೊಂಟ ತಿವಿದರು. ನಾನು ಬೀಗಿದೆ. ಸೂಟಿನ ಕಥೆಯನ್ನು ಅಭಿನಯ ಮಾಡಿ ಹೇಳಿ ಇಡೀ ಟೇಬಲ್ಲನ್ನು ನಗಿಸಿದೆ. ಅವರ ತಟ್ಟೆಯಲ್ಲಿ ಹೋಳಿಗೆ ಅರ್ಧ ಉಳಿದಿತ್ತು.

ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕೈದು ಸಲ ಕಲ್ಲುಗಣಿಗೆ ಹೋದೆವು. ನನ್ನ ಕೆಲಸ ಬೂಟಿನ ಲೇಸು ಕಟ್ಟುವುದು. ಅಷ್ಟು ಉಡುಪಿನ ಮೇಲೆ ಬಗ್ಗಲು ಅವರಿಗಾಗುತ್ತಿರಲಿಲ್ಲ; ಬಂಡೆಯ ಮೇಲೆ ಕೂತು ಕಾಲು ಚಾಚುವರು, ನಾನು ಮಂಡಿಯೂರಿ ಹಿಮ್ಮಡಿ ಅಲುಗದ ಹಾಗೆ ಎಳೆದು ಕಟ್ಟುವೆನು. "ರಾಜರ ಸೇವೆ ಆಗ್ತಾ ಇದೆ" ಎಂದರೆ "ಸುಮ್ನೆ ಕೂತ್ಕೊಳ್ಳಿ, ರಾಜರು ಅಲ್ಲಾಡ್ಬಾರ್ದು" ಎನ್ನುವೆನು. ಒಂದು ಸಲ ಎಷ್ಟು ಬಿಗಿದರೂ ಗಾಳಿ ಕಾಲಿಗೆ ನುಗ್ಗಿ, ನೀರಿನಲ್ಲಿ ಅವರು ತಲೆಕೆಳಗಾಗಿ, ಅಂಗಡಿಯಾಕೆ ಕಾಲು ಹಿಡಿದೆಳೆದು ಸರಿಮಾಡಿದಳಂತೆ. ಅದನ್ನೂ ನನ್ನ ಇಂಚಿನ ಖಾತೆಗೇ ಹಾಕಿ ನಗಾಡಿದೆವು. ನಾನು ಕಟ್ಟಿಕೊಂಡು ಹೋದ ಚಿತ್ರಾನ್ನ ಹಾಗೇ ಮನೆಗೆ ಬರುತ್ತಿತ್ತು. ನೀರಿಗಿಳಿದರೆ ಹಸಿವೇ ಆಗುವುದಿಲ್ಲ ಎನ್ನುವರು. ನಂಬಿದೆ. ಆದರೂ ಹೇಳುತ್ತೇನೆ, ನಮ್ಮ ಮದುವೆಯ ಕೊನೆಯ ಒಳ್ಳೆಯ ದಿನಗಳು ಅವು. ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ ಮಾತಾಡುತ್ತಿದ್ದೆವು.

ಜೂನ್ ಮೊದಲ ವಾರ ಅವರು ಇಳಿದ ಐದೇ ನಿಮಿಷಕ್ಕೆ ಮೇಲೆ ಬಂದರು. ಕುತ್ತಿಗೆಯಿಂದ ನೀರು ಸೋರುತ್ತಿದೆ ಎಂದರು. ಜಿಪ್ ತೆಗೆದರೆ ಒಳಉಡುಪು ಎದೆಯವರೆಗೆ ಒದ್ದೆ. ಅಂಗಡಿಯಾಕೆ ಸೀಲ್ ಹರಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಹರಿದಿರಲಿಲ್ಲ. ಮತ್ತೆ ಅವರ ಕುತ್ತಿಗೆಗೆ ಹಾಕಿ, ಮಧ್ಯೆ ಎರಡು ಬೆರಳು ತೂರಿಸಿದಳು. ಬೆರಳು ಸಲೀಸಾಗಿ ಹೋಯಿತು. ಆಕೆ ಬೆರಳು ಹೊರಗೆ ತೆಗೆಯಲಿಲ್ಲ, ಹಾಗೇ ನಿಂತಳು.

"ಇದನ್ನು ನಾನೇ ನಿನ್ನ ಕುತ್ತಿಗೆಯ ಮೇಲೆ ಕತ್ತರಿಸಿದ್ದು" ಎಂದಳು. "ಆಗ ಸರಿಯಿತ್ತು."

ನನ್ನ ಕಡೆ ತಿರುಗಲಿಲ್ಲ. ಸೀಲಿಗೆ ನನ್ನ ಟೇಪಿನ ಸಂಬಂಧವೇ ಇರಲಿಲ್ಲ, ಅದರಲ್ಲಿ ನನ್ನ ಇಂಚಿರಲಿಲ್ಲ. ಜೂನಿನ ಬಿಸಿಲಿನಲ್ಲಿ ಒದ್ದೆ ಉಡುಪನ್ನು ಸೊಂಟಕ್ಕಿಳಿಸಿಕೊಂಡು ನಿಂತ ಅವರನ್ನು ನಾನು ಆಗ ನೋಡಿದೆ, ಮೂರು ತಿಂಗಳಲ್ಲಿ ಮೊದಲನೆಯ ಸಲ. ಕಾಲರ್‌ಬೋನಿನ ಹಿಂದೆ ಎರಡು ಗುಳಿ. ನೀರು ಅಲ್ಲಿ ನಿಂತಿತ್ತು. ಡಾಕ್ಟರ ಹತ್ತಿರ ಹೋಗಿದ್ದೀಯಾ ಎಂದು ಆಕೆ ಅವರನ್ನು ಕೇಳಿದಳು. ಅವರು ಹೋಗುತ್ತೇನೆ ಎಂದರು.

ಪ್ಯಾಂಕ್ರಿಯಾಸಿನ ಕ್ಯಾನ್ಸರ್ ಎಂದರು ಡಾಕ್ಟರು. ಲಿವರಿಗೂ ಹಬ್ಬಿದೆ, ಆಪರೇಷನ್ ಮಾಡುವ ಹಂತ ದಾಟಿದೆ. ಮೂರು ತಿಂಗಳು ಮೊದಲು ಬಂದಿದ್ದರೆ ಎಂದು ನಾನು ಕೇಳಿದೆ. ಆತ ಒಳ್ಳೆಯವನು, ಸುಳ್ಳು ಹೇಳಲಿಲ್ಲ. ಆಪರೇಷನ್ ಮಾಡಬಹುದಿತ್ತೇನೋ, ಮಾಡಿದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದ. ಅಷ್ಟು ಉದ್ದದ ವಾಕ್ಯದಲ್ಲಿ ನನಗೆ ಕೇಳಿಸಿದ್ದು "ಮಾಡಬಹುದಿತ್ತೇನೋ" ಎನ್ನುವುದೊಂದೇ. ಇವತ್ತಿಗೂ ಪಾತ್ರೆ ತೊಳೆಯುವಾಗ, ಕಾರಿನಲ್ಲಿ ಸಿಗ್ನಲ್ಲಿಗೆ ಕಾಯುವಾಗ ಅದೇ ಕೇಳಿಸುತ್ತದೆ.

ಕೀಮೋ ಶುರುವಾಯಿತು. ಮಗಳು ಒಂದು ಸೆಮಿಸ್ಟರ್ ಬಿಟ್ಟು ಬಂದಳು. ಶರತ್ಕಾಲದಲ್ಲಿ ಮೈಯೆಲ್ಲ ಕಡ್ಡಿಯಾದರೂ ಪಾದ ಮಾತ್ರ ಊದಿಕೊಂಡವು. ಮನೆಯಲ್ಲಿದ್ದ ಒಂದು ಚಪ್ಪಲಿಯೂ ಹಿಡಿಸದೆ ಎರಡು ಸೈಜು ದೊಡ್ಡ ಸ್ಲಿಪ್ಪರ್ ತಂದೆ. ಆಗ ನಾನು ಟೇಪು ಮುಟ್ಟಲಿಲ್ಲ, ಕಣ್ಣಂದಾಜಿನಲ್ಲಿ ತಂದೆ. ಹೆಂಗಸರು ಹೊಲಿಯಲು ತಂದಿಟ್ಟಿದ್ದ ರವಿಕೆ ಬಟ್ಟೆಗಳನ್ನೆಲ್ಲ ವಾಪಸು ಕೊಟ್ಟುಬಿಟ್ಟೆ.

ಮರುವರ್ಷದ ಜನವರಿಯಲ್ಲಿ ಹೋದರು. ಅಂತ್ಯಸಂಸ್ಕಾರ ನೋಡಿಕೊಳ್ಳುವ ಫ್ಯೂನರಲ್ ಹೋಮಿನವರು, ತೊಡಿಸಲು ಕೋಟು ಪ್ಯಾಂಟಿನ ಸೂಟು ತಂದುಕೊಡಿ, ಸಡಿಲವಿದ್ದರೆ ಹಿಂದಿನಿಂದ ಪಿನ್ ಹಾಕಿ ಸರಿಮಾಡುತ್ತೇವೆ ಎಂದರು. ನಾನು ಬೇಡವೆಂದು ಹೇಳಿ ಪಂಚೆ ಉಡಿಸಿದೆ. ಅಂಗಡಿಯಾಕೆ ಬಂದಿದ್ದಳು, ಹಿಂದಿನ ಸಾಲಿನಲ್ಲಿ ಒಬ್ಬಳೇ ನಿಂತಿದ್ದಳು. ಹೋಗುವಾಗ ನನ್ನ ಕೈ ಹಿಡಿದು, ಅವತ್ತು ನಾನೇ ಅಳೆಯಬೇಕಿತ್ತು ಎಂದಳು. ಅಷ್ಟು ಜನರಲ್ಲಿ ನನ್ನ ಭುಜ ಮುಟ್ಟದವಳು ಆಕೆಯೊಬ್ಬಳೇ. ಆಕೆಯ ಮೇಲೆ ನನಗೆ ಪ್ರೀತಿ ಬಂತು.

ಇನ್ನೊಂದು ವಿಷಯ ಉಳಿದಿದೆ. ಮೊದಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ.

ಅವರು ಹೋಗುವುದಕ್ಕೆ ಮೂರು ವಾರ ಮೊದಲು, ಡಿಸೆಂಬರಿನ ಒಂದು ಮಧ್ಯಾಹ್ನ. ಆಸ್ಪತ್ರೆಯ ಮಂಚವನ್ನು ಫ್ಯಾಮಿಲಿ ರೂಮಿಗೆ ತರಿಸಿದ್ದೆವು. ಮಗಳು ಫಾರ್ಮಸಿಗೆ ಹೋಗಿದ್ದಳು. ಹೊರಗೆ ಹಿಮ ಬಿದ್ದು ಡ್ರೈವ್‌ವೇಯಲ್ಲಿ ಕರಗುತ್ತಿತ್ತು. ನಾನು ಗಂಜಿ ಕುಡಿಸುತ್ತಿದ್ದೆ, ಎರಡು ಚಮಚ ಹೋದರೆ ದೊಡ್ಡದು. ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿ ಹೋಗಿತ್ತು. ಬಟ್ಟಲು ಕೆಳಗಿಟ್ಟು ಹೇಳಿಬಿಟ್ಟೆ.

"ರೀ, ನಾನು ಸೇರಿಸಿದ್ದು ಒಂದೇ ಇಂಚು. ಮೂರು ಅಂತ ಸುಮ್ನೆ ಹೇಳಿದ್ದೆ. ಮಾರನೇ ದಿನಾನೇ ಗೊತ್ತಾಗಿತ್ತು ನನಗೆ. ಆದ್ರೂ ನಿಮ್ಮ ಕಡೆ ತಿರುಗಿ ನೋಡ್ಲಿಲ್ಲ. ನಾನು ನೋಡಿದ್ದಿದ್ರೆ..."

ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಅಳ್ಬೇಡ. ನನಗೆ ಅದಕ್ಕೂ ಮೊದ್ಲೇ ಗೊತ್ತಿತ್ತು" ಎಂದರು. "ಫೆಬ್ರವರಿಲೇ ಪ್ಯಾಂಟ್ ನಿಲ್ತಿರ್ಲಿಲ್ಲ. ಗ್ಯಾರೇಜಲ್ಲಿ ಬೆಲ್ಟಿಗೆ ಎರಡು ತೂತು ಕೊರ್ಕೊಂಡಿದ್ದೆ. ಹೊಟ್ಟೇಲೂ ಏನೋ ಆಗ್ತಾ ಇತ್ತು."

ನನಗೆ ಕೋಪ ಬಂತು. ಆ ಸ್ಥಿತಿಯಲ್ಲಿದ್ದ ಮನುಷ್ಯನ ಮೇಲೆ ಕೋಪ ಬಂತು ಎಂದು ಬರೆಯಲು ನಾಚಿಕೆಯಿಲ್ಲ. "ಮತ್ತೆ ಯಾಕ್ರೀ ಹೇಳ್ಲಿಲ್ಲ ನನಗೆ? ಯಾಕೆ ಹೇಳ್ಲಿಲ್ಲ?" ಎಂದು ಕೂಗಿದೆ.

"ಹೇಳೋಣ ಅಂತಾನೇ ಇದ್ದೆ. ಅವತ್ತು ಸೂಟ್ ಹಾಕ್ಕೊಂಡಾಗ, ಇವತ್ತು ಮನೆಗೆ ಹೋಗ್ತಾ ಕಾರಲ್ಲಿ ಹೇಳ್ಬಿಡ್ತೀನಿ ಅಂದ್ಕೊಂಡೆ. ಅಷ್ಟರಲ್ಲಿ ನೀನು ನೆಲದ್ ಮೇಲೆ ಕೂತ್ಕೊಂಡು ನಗ್ತಾ ಇದ್ದೆ." ಅವರು ಉಸಿರು ತೆಗೆದುಕೊಂಡರು. "ನೀನು ಹಾಗೆ ನಕ್ಕು ಎಷ್ಟ್ ವರ್ಷ ಆಗಿತ್ತು ಕಣೇ. ಇನ್ನೊಂದ್ ವಾರ ಇರ್ಲಿ ಅನ್ನಿಸ್ತು."

ನಾನು ಒಂದು ವಾರಕ್ಕೆ ನಿಲ್ಲಿಸಲಿಲ್ಲ. ಆ ಇಂಚಿನ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು, ಮಾರ್ಚಿನಿಂದ ಜೂನಿನವರೆಗೆ ಅವರ ಮುಂದೆ ನಗುತ್ತಲೇ ಇದ್ದೆ.